ಹೊಲಕ್ಕೆ ಬೇಲಿ ಬಿತ್ತು, ಕೋಳಿ ಕೂಗೋದು ನಿಲ್ಲಲಿಲ್ಲ!

ಅಭಿಮಾನಿ ಮಿತ್ರರೇ, ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ. ಬೇಜಾರಾದರೆ ಪುಟ ತಿರುಗಿಸಿ. ಆದರೆ ಬೆಳಿಗ್ಗೆ ಹತ್ತಕ್ಕೆ ಏಳೋ ಗುರುಗಳು ಮಾತ್ರ ಸ್ವಲ್ಪ ಇಲ್ಲೇ ಕೂತ್ಕೊಳ್ಳಿ!

ಪಾವಗಡದ ಬಸ್ ಸ್ಟಾಂಡಿನಲ್ಲಿ ಒಬ್ಬ ಹುಡುಗ ಸಿಕ್ಕ. "ಅಣ್ಣಾ, ಅಂಕಣ ಬರೆಯೋರು ನೀವೇ ಅಲ್ವಾ?" ಅಂತ ಟೀ ಕೊಡಿಸಿದ. ಯಾವೂರಪ್ಪಾ ಅಂದೆ. "ರಾಯಚರ್ಲು" ಅಂದ. ಮನೇಲಿ ತೆಲುಗು, ಬೀದೀಲಿ ಕನ್ನಡ. ಎರಡು ಭಾಷೆ ಸಿನಿಮಾಕ್ಕೂ ಶಿಳ್ಳೆ ಹೊಡೆಯೋ ಪುಣ್ಯಾತ್ಮ!

ರಾಯಚರ್ಲು ಅಂದ್ರೆ ಗೊತ್ತಲ್ಲ? ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಐದು ಊರುಗಳಲ್ಲಿ ಅದೂ ಒಂದು. ಉಳಿದವು ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು. ಸುಮಾರು 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. 28 ವರ್ಷ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಹೆಚ್ಚು. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈ ಸುಟ್ಟುಕೊಂಡಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ. ಜಮೀನೇ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ ಈ ಬಾಡಿಗೆ ಇಲ್ಲ, ಕೂಲಿಯೂ ಹೋಯ್ತು. ಅವರ ಕಥೆ ಬೇರೆ, ಅದು ಇನ್ನೂ ಕಷ್ಟದ್ದು.

ನಮ್ಮ ಹುಡುಗನ ಮನೆಯದು ಐದು ಎಕರೆ. ಲೆಕ್ಕ ಹಾಕಿ: ಮೊದಲ ವರ್ಷಕ್ಕೆ 1,05,000, ತಿಂಗಳಿಗೆ 8,750. "ಮೊದಲೆರಡು ವರ್ಷ ದಿನಾ ಜಾತ್ರೆ ಅಣ್ಣಾ!" ಅಂದ. ಬೆಳಿಗ್ಗೆ ಬಸ್ಸಿಗೆ ಪಾವಗಡ, ಹೋಟ್ಲು, ಹರಟೆ, ಮೊಬೈಲು, ಫಸ್ಟ್ ಶೋ, ಮನಸ್ಸು ಬಂದರೆ ಸೆಕೆಂಡ್ ಶೋ. ರಾತ್ರಿ ಯಾರದೋ ಗಾಡಿ ಹತ್ತಿ ಊರು. ಮಾರನೇ ದಿನ ಹತ್ತು ಗಂಟೆವರೆಗೂ ಗೊರಕೆ!

ಅವರಪ್ಪ ಮಾತ್ರ ಹಾಗಲ್ಲ. ಎತ್ತು ಮಾರಿಯಾಗಿತ್ತು, ಮಡಕೆ ಅಟ್ಟ ಸೇರಿತ್ತು. ಆದರೂ ನಾಲ್ಕೂವರೆಗೆ ಎಚ್ಚರ. ಎದ್ದು ಹೊಲದ ದಾರೀಲೇ ನಡೆಯೋರು. ಅಲ್ಲಿ ತಂತಿ ಬೇಲಿ. ಬೇಲಿ ಹಿಡ್ಕೊಂಡು ನಿಂತು, ಒಳಗಿರೋ ಗಾಜಿನ ಸಾಲು ನೋಡಿ ವಾಪಸ್ ಬರೋರು. ದಿನಾ ಹೀಗೇ. "ನಾನು ನಗ್ತಿದ್ದೆ ಅಣ್ಣಾ. ಒಂದಿನ ಅವ್ವ ಕೇಳಿದ್ಲು: ಅವನಾದ್ರೂ ಬೇಲಿವರೆಗೆ ಹೋಗ್ತಾನೆ, ನೀನು ಎಲ್ಲೀವರೆಗೆ ಹೋಗ್ತೀಯೋ?" ಇದನ್ನ ಹೇಳುವಾಗ ಹುಡುಗ ಟೀ ಲೋಟದೊಳಗೇ ನೋಡ್ತಿದ್ದ.

ಆಮೇಲೆ ಸಾಹೇಬರು ಬದಲಾಗೋಕೆ ಹೊರಟರು! ಮೊಬೈಲಿನಲ್ಲಿ ಯಾರೋ ಹೇಳಿದ ಹಾಗೆ ಐದಕ್ಕೆ ಓಟ, ಆರಕ್ಕೆ ದಂಡ, ಏಳಕ್ಕೆ ಮೊಳಕೆ ಕಾಳು. ಎಂಟು ದಿನ ನಡೀತು, ಒಂಬತ್ತನೇ ದಿನ ಮುಸುಕು. ನನಗೇನೂ ಆಶ್ಚರ್ಯ ಆಗಲಿಲ್ಲ. ಹೊಲ ಇದ್ದಾಗ ಅದೇ ಕರೀತಿತ್ತು, ಯಾರೂ ಅಲಾರಂ ಇಟ್ಟಿರಲಿಲ್ಲ. ಕರೆಯೋರೇ ಇಲ್ಲದೆ ಬರೀ ಶಿಸ್ತಿಗೋಸ್ಕರ ಏಳ್ತೀನಿ ಅಂದ್ರೆ ಎಷ್ಟು ದಿನ ಏಳ್ತಾನೆ ಪಾಪ?

ಇಲ್ಲಿ ನಮ್ಮ ಅಣ್ಣಾವ್ರನ್ನ ನೆನಪಿಸಿಕೊಳ್ಳಿ. ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದ ಗಂಟಲು ಅದು. ಸಿನಿಮಾಕ್ಕೆ ಬಂದ ಮೇಲೆ ಆ ಗಂಟಲಿಗೆ ಹೆಚ್ಚುಕಡಿಮೆ ರಜಾ. ತೆರೆಯ ಮೇಲೆ ತುಟಿ ಅವರದು, ದನಿ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವರದು. ಆ ಜೋಡಿಗೆ ಸಾಟಿ ಇತ್ತೇ? ಆದರೂ 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡಿಗೆ ಅಣ್ಣಾವ್ರೇ ಮೈಕಿನ ಮುಂದೆ ನಿಂತರು. ಆಗ ವಯಸ್ಸು ಸುಮಾರು 45! ಮುಂದಕ್ಕೆ ತಮ್ಮ ಹಾಡು ತಾವೇ ಹಾಡೋದು ರೂಢಿಯಾಯ್ತು. 'ಜೀವನ ಚೈತ್ರ'ದ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಹೊಸ ಗಂಟಲೇನೂ ತರಲಿಲ್ಲ ಗುರುವೇ, ಸುಮ್ಮನೆ ಕೂತಿದ್ದ ಹಳೇ ಗಂಟಲಿಗೆ ಹೊಸ ಕೆಲಸ ಸಿಕ್ಕಿತು. ಯೋಗವನ್ನೂ ಅಷ್ಟೇ, ನಡುವಯಸ್ಸಿನಲ್ಲಿ ಕಲಿತರು. 1983ರ 'ಕಾಮನಬಿಲ್ಲು' ನೋಡಿ, ಆ ಮೈ ಹೇಗೆ ಬಾಗುತ್ತೆ ಅಂತ!

ರಾಯಚರ್ಲು ಹುಡುಗನ ಮನೇಲಿ ಸುಮ್ಮನೆ ಕೂತಿದ್ದದ್ದು ಅಪ್ಪನ ನಾಲ್ಕೂವರೆ ಗಂಟೆ. ಸೋಲಾರ್ ಗಾಜಿನ ಮೇಲೆ ಧೂಳು ಕೂತರೆ ಕರೆಂಟು ಕಮ್ಮಿ. ಬಿಸಿಲೇರೋ ಮೊದಲೇ ತೊಳೆಯೋರು, ಹುಲ್ಲು ಕುಯ್ಯೋರು ಬರ್ತಾರೆ, ರಾತ್ರಿ ಪಾಳಿಯ ಕಾವಲಿನವರು ಮನೆಗೆ ಹೊರಡ್ತಾರೆ. ಅಷ್ಟು ಹೊತ್ತಿಗೆ ಅಲ್ಲಿ ಒಂದು ಲೋಟ ಟೀ ಸಿಕ್ತಿರಲಿಲ್ಲ. ಈಗ ಅಪ್ಪ ಎದ್ದು ಒಲೆ ಹಚ್ತಾರೆ, ಅವ್ವ ಇಡ್ಲಿ ಬೇಯಿಸ್ತಾಳೆ, ಹುಡುಗ ಫ್ಲಾಸ್ಕು, ಡಬ್ಬಿ ಟಿವಿಎಸ್‌ಗೆ ಕಟ್ಟಿ ಐದೂಮುಕ್ಕಾಲಿಗೆ ಗೇಟಿನ ಹತ್ರ ಹಾಜರ್! ಮೊದಲ ವಾರ ಅರ್ಧ ಟೀ ಚೆಲ್ಲಿದ್ದೇ ಆಯ್ತಂತೆ. ಮಳೆ ಬಂದ ದಿನ ವ್ಯಾಪಾರ ಇಲ್ಲ. ಒಂದು ತಿಂಗಳು ಸಾಲ ಕೊಟ್ಟು ಮೋಸ ಹೋದನಂತೆ. ಲಾಭ ಎಷ್ಟು ಅಂದ್ರೆ, "ಹೇಳ್ಕೊಳ್ಳೋ ಹಾಗಿಲ್ಲ ಅಣ್ಣಾ, ಆದ್ರೆ ಬಾಡಿಗೆ ದುಡ್ಡು ಮುಟ್ಟೋ ಹಾಗೂ ಇಲ್ಲ" ಅಂದ.

28 ವರ್ಷ ಮುಗಿದು ಹೊಲ ವಾಪಸ್ ಬರೋ ಹೊತ್ತಿಗೆ ಇವನಿಗೆ ನಲವತ್ತು ದಾಟಿರುತ್ತೆ. ಆಗ ಮಡಕೆ ಹಿಡಿಯೋಕೆ ಬರುತ್ತೇನೋ ಅಂದೆ. "ಅಪ್ಪ ಹೇಳ್ಕೊಟ್ರೆ ಬರುತ್ತೆ" ಅಂದ.

"ಸಿನಿಮಾ ಬಿಟ್ಟೆಯಾ ಹಾಗಾದ್ರೆ?" ನನಗೆ ನಿಜವಾಗ್ಲೂ ಭಯ ಆಗಿತ್ತು, ನಮ್ಮ ಹೊಟ್ಟೆಪಾಡಿನ ಪ್ರಶ್ನೆ ನೋಡಿ! "ಎಲ್ಲಾದ್ರೂ ಉಂಟಾ ಅಣ್ಣಾ? ಶುಕ್ರವಾರ ಮಾರ್ನಿಂಗ್ ಶೋ. ಅಷ್ಟೊತ್ತಿಗೆ ಫ್ಲಾಸ್ಕು ಖಾಲಿ ಆಗಿರುತ್ತೆ" ಅಂತ ಬಸ್ ಹತ್ತಿದ. ಟೀ ಲೋಟ ಕೆಳಗಿಟ್ಟು ನೋಡ್ತೀನಿ, ನನ್ನ ಕೈಲಿದ್ದ ಪತ್ರಿಕೆಯನ್ನೂ ಹೊತ್ಕೊಂಡು ಹೋಗಿದ್ದ!