ಮೊಬೈಲ್‌ ತುಂಬಾ ಪಿಡಿಎಫ್ ಐತೆ, ಮಾರ್ಕ್ಸ್ ಯಾಕಿಲ್ಲ?

(1/6)

"ಅಕ್ಕ, ಯಾವ ಆಪ್ ತಗೊಳ್ಲಿ?" "ಅಕ್ಕ, ಯಾರ ನೋಟ್ಸ್ ಬೆಸ್ಟು?" "ಅಕ್ಕ, ಟೆಲಿಗ್ರಾಂ ಲಿಂಕ್ ಐತಾ?"

ಎಫ್‌ಎಂಜಿಇ ಬರೆಯೋಕೆ ಕೂತಿರೋ ನಮ್ಮ ಕಡೆ ಹುಡುಗ್ರು ಹುಡುಗೀರು ನನಗೆ ಡಿಎಂ ಮಾಡಿ ಕೇಳೋದು ಈ ಮೂರೇ ಪ್ರಶ್ನೆ. ಚನ್ನಗಿರಿಯಿಂದ ಬಂದ್ರೂ ಇದೇ, ಜಗಳೂರಿಂದ ಬಂದ್ರೂ ಇದೇ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಯ್ತು. ಇವತ್ತು ಆರು ಪೋಸ್ಟ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳಿಬಿಡ್ತೀನಿ, ಬೇಜಾರಾದೋರು ಅನ್‌ಫಾಲೋ ಮಾಡ್ಕೊಳ್ರಿ.

ನಿಮಗೆ ಮೆಟೀರಿಯಲ್ ಕಮ್ಮಿ ಬಿದ್ದಿಲ್ಲ. ಜಾಸ್ತಿಯಾಗಿ ಅಜೀರ್ಣ ಆಗೈತೆ.

2025ರ ಜೂನ್ ಸೆಷನ್‌ನಲ್ಲಿ ಸುಮಾರು 36,000 ಜನ ಬರೆದು 6,700 ಚಿಲ್ಲರೆ ಜನ ಪಾಸಾದ್ರು. ನೂರಕ್ಕೆ 19ರ ಒಳಗೆ. ಉಳಿದ 29,000 ಜನರಲ್ಲಿ ಮೊಬೈಲ್‌ನಲ್ಲಿ ನೋಟ್ಸ್ ಇಲ್ದೋರು ಎಷ್ಟು ಜನ ಇದ್ದಾರು, ನೀವೇ ಹೇಳ್ರಿ. ಪಾಸಾಗೋವರೆಗೆ ರಿಜಿಸ್ಟ್ರೇಷನ್ ಇಲ್ಲ, ಇಲ್ಲಿನ ಇಂಟರ್ನ್‌ಶಿಪ್ ಇಲ್ಲ, ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕ್ಕೊಳ್ಳೋ ಹಕ್ಕಿಲ್ಲ. ಮನೇಲಿ ಬ್ಯಾಂಕ್ ಸಾಲದ ಬಡ್ಡಿ ಮಾತ್ರ ಯಾವ ಸೆಷನ್ನಿಗೂ ಕಾಯಲ್ಲ. ಅಪ್ಪ ತೋಟದ ಮೇಲೆ ಸಾಲ ಎತ್ತಿ ಕಿರ್ಗಿಸ್ತಾನಕ್ಕೋ ರಷ್ಯಾಕ್ಕೋ ಕಳಿಸಿದ್ದು ನೀವು ಮೂರನೇ ಆಪ್ ಕೊಳ್ಳಲಿ ಅಂತ ಅಲ್ಲ.

(2/6)

ಮೊದಲು ಇದು ಎಂಥ ಪರೀಕ್ಷೆ ಅಂತ ನೋಡಿ. ಆರು ವರ್ಷ ಹೊರಗೆ ಓದಿ ಬಂದೋರೇ ಇದನ್ನ ಸರಿಯಾಗಿ ನೋಡಿರಲ್ಲ.

300 ಪ್ರಶ್ನೆ. 150 ಬೆಳಗ್ಗೆ, 150 ಮಧ್ಯಾಹ್ನ, ಒಂದೊಂದಕ್ಕೆ ಎರಡೂವರೆ ಗಂಟೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. 150 ಬಂದ್ರೆ ಪಾಸು. 151 ಬಂದೋನೂ 240 ಬಂದೋಳೂ ಒಂದೇ ಸರ್ಟಿಫಿಕೇಟು ತಗೊಂಡು ಒಂದೇ ಸಾಲಲ್ಲಿ ನಿಲ್ತಾರೆ. ಇಲ್ಲಿ ರ‍್ಯಾಂಕ್ ಅನ್ನೋದೇ ಇಲ್ಲ.

ಆದ್ರೆ ನಿಮಗೆ ಯಾರು ಏನು ಮಾರ್ತಾವ್ರೆ ನೋಡಿ. ನೀಟ್ ಪಿಜಿಯಲ್ಲಿ ಮೊದಲ ನೂರರೊಳಗೆ ಬಂದೋರ ಟೈಮ್‌ಟೇಬಲ್ಲು, ಅವರ ಕಲರ್ ಕಲರ್ ನೋಟ್ಸು, ಅವರ "ದಿನಕ್ಕೆ 14 ಗಂಟೆ" ರೀಲ್ಸು. ರೇಡಿಯಾಲಜಿ ಸೀಟಿಗೆ ಓಡ್ತಿರೋರ ಶೂ ತಂದು ನಿಮ್ಮ ಕಾಲಿಗೆ ಹಾಕ್ತಾವ್ರೆ. ಲಕ್ಷಾಂತರ ಜನರನ್ನ ಹಿಂದೆ ಹಾಕೋಕೆ ಬೇಕಾದ ಸಣ್ಣ ಸಣ್ಣ ಪಾಯಿಂಟು ನಿಮಗೆ ಬೇಕಾಗಿಲ್ಲ. ನಿಮಗೆ ಬೇಕಾಗಿರೋದು ಅರ್ಧ ಪೇಪರ್ ಗಟ್ಟಿಯಾಗಿ.

"ಅಕ್ಕ, ಈಗ ಎಲ್ಲಾ ಕ್ಲಿನಿಕಲ್ ಪ್ರಶ್ನೆ, ಫೋಟೋ ಪ್ರಶ್ನೆ, ಚಿಕ್ಕ ನೋಟ್ಸ್ ಸಾಲಲ್ಲ" ಅಂತೀರಿ. ಒಪ್ಪಿದೆ. ಅದಕ್ಕೆ ನೀವು ಮಾಡೋ ಉಪಾಯ ಇನ್ನೊಂದು ನೋಟ್ಸ್ ಕೊಳ್ಳೋದು. ಕ್ಲಿನಿಕಲ್ ಪ್ರಶ್ನೆ ಬಿಡಿಸೋಕೆ ಬರೋದು ಕ್ಲಿನಿಕಲ್ ಪ್ರಶ್ನೆ ಬಿಡಿಸಿದ್ರೆ. ಈಜು ಬರ್ಲಿಲ್ಲ ಅಂತ ಈಜಿನ ಎರಡನೇ ಪುಸ್ತಕ ಕೊಳ್ತಾರಾ ಯಾರಾದ್ರೂ? ಸೂಳೆಕೆರೆಗೆ ಇಳೀಬೇಕಷ್ಟೆ.

"ನೆಕ್ಸ್ಟ್ ಬಂದುಬಿಟ್ರೆ?" ಅದು 2019ರ ಎನ್‌ಎಂಸಿ ಕಾಯ್ದೆಯಲ್ಲೇ ಐತೆ, 2023ರ ಜುಲೈಗೆ ಇಟ್ಟಿದ್ದ ಅಣಕು ಪರೀಕ್ಷೆಯನ್ನೇ ಮುಂದಕ್ಕೆ ಹಾಕಿದ್ರು. ಬಂದಾಗ ನೋಡೋಣ. ನಿಮ್ಮ ಅಡ್ಮಿಟ್ ಕಾರ್ಡಲ್ಲಿ ಯಾವ ಪರೀಕ್ಷೆ ಹೆಸರು ಐತೋ ಅದನ್ನ ಓದ್ರಿ.

(3/6)

ಈಗ ಲೆಕ್ಕ. ಪೆನ್ನು ಹಿಡ್ಕೊಳ್ರಿ.

ಮೆಡಿಸಿನ್ 33, ಸರ್ಜರಿ 32, ಒಬಿಜಿ 30, ಪಿಎಸ್ಎಂ 30. ನಾಲ್ಕೇ ವಿಷಯಕ್ಕೆ 125. ಪೀಡಿಯಾಟ್ರಿಕ್ಸ್, ಕಣ್ಣು, ಇಎನ್‌ಟಿ ತಲಾ 15. ಅಲ್ಲಿಗೆ 170. ಪೆಥಾಲಜಿ, ಮೈಕ್ರೋ, ಫಾರ್ಮಾ ತಲಾ 13, ಫೊರೆನ್ಸಿಕ್ 10. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17. ಚರ್ಮ, ಮನೋರೋಗ, ಮೂಳೆ, ಅರಿವಳಿಕೆ ಅಂಥವು ತಲಾ 5. ಇದನ್ನ ನಾನು ಕನಸಲ್ಲಿ ಕಂಡಿದ್ದಲ್ಲ, ಪರೀಕ್ಷೆ ಬುಲೆಟಿನ್ನಲ್ಲೇ ಅಚ್ಚಾಗಿರ್ತದೆ. ಆರು ಸಾವಿರದ ಮೇಲೆ ಫೀಸ್ ಕಟ್ಟಿ ಬುಲೆಟಿನ್ ಓದದೆ ಇರೋರು ನಮ್ಮಲ್ಲೇ ಅದಾರೆ. ನಿಮ್ಮ ಸೆಷನ್‌ದು ತೆಗೆದು ಒಂದ್ಸಲ ತಾಳೆ ನೋಡ್ಕೊಳ್ರಿ.

ಈ ಲೆಕ್ಕ ಇಟ್ಕೊಂಡು ನಿಮ್ಮ ಓದು ನೋಡಿ. ಆಪ್ ಓಪನ್ ಮಾಡಿದ್ರೆ ಮೊದಲು ಅನಾಟಮಿ ವಿಡಿಯೋ. ಅಲ್ಲಿಂದಲೇ ಶುರು. ಎರಡು ತಿಂಗಳು ಬ್ರೇಕಿಯಲ್ ಪ್ಲೆಕ್ಸಸ್ ಬಿಡಿಸಿ ಬಣ್ಣ ಹಚ್ಚೋದು. ಪರೀಕ್ಷೆಗೆ ಇಪ್ಪತ್ತು ದಿನ ಇದ್ದಾಗ ಪಿಎಸ್ಎಂ ನೆನಪಾಗ್ತದೆ, "ಅಯ್ಯೋ ಅದು ಓದಿದ್ರಾಯ್ತು ಬಿಡು" ಅಂತ. 17 ಮಾರ್ಕ್ಸಿಗೆ ಎರಡು ತಿಂಗಳು, 30 ಮಾರ್ಕ್ಸಿಗೆ ಎರಡು ದಿನ. ಅಡಿಕೆ ವ್ಯಾಪಾರದಲ್ಲಿ ಹಿಂಗೆ ಲೆಕ್ಕ ಹಾಕಿದ್ರೆ ಅಪ್ಪ ಮಂಡಿಯಿಂದ ಬರಿಗೈಲಿ ಬರ್ತಿದ್ರು.

ಕಣ್ಣು ಮತ್ತೆ ಇಎನ್‌ಟಿ ಸೇರಿ 30, ಅಂದ್ರೆ ಇಡೀ ಒಬಿಜಿಯಷ್ಟು, ಆದ್ರೆ ಓದೋಕೆ ಅದರ ಅರ್ಧದಷ್ಟೂ ಇಲ್ಲ. ಇದನ್ನ ನಿಮಗೆ ಯಾವ ಜಾಹೀರಾತೂ ಹೇಳಲ್ಲ, ಯಾಕಂದ್ರೆ ಇದರಲ್ಲಿ ಮಾರೋಕೆ ಏನೂ ಇಲ್ಲ.

(4/6)

ಯಾವ ಆಪ್ ಅನ್ನೋದಕ್ಕೆ ಉತ್ತರ: ನಿಮ್ಮತ್ರ ಈಗಾಗಲೇ ಯಾವುದೈತೋ ಅದು. ಮ್ಯಾರೋ ಇದ್ರೆ ಮ್ಯಾರೋ, ಪ್ರೆಪ್‌ಲ್ಯಾಡರ್ ಇದ್ರೆ ಪ್ರೆಪ್‌ಲ್ಯಾಡರ್, ಊರಿನ ಸೀನಿಯರ್ ಕೊಟ್ಟ ಹಳೇ ಪ್ರಿಂಟ್ ನೋಟ್ಸ್ ಇದ್ರೆ ಅದೇ. ಒಂದು ನೋಟ್ಸು, ಒಂದು ಕ್ವೆಶ್ಚನ್ ಬ್ಯಾಂಕು. ಮೂರು ಸಲ ತಿರುವಿ ಹಾಕಿ. ಎರಡನೇದನ್ನ ಕೈಯಲ್ಲಿ ಹಿಡಿದ್ರೆ ಮೊದಲನೇದರ ಮೂರನೇ ಸುತ್ತು ಹೋಯ್ತು ಅಂತಲೇ ಲೆಕ್ಕ. ಹ್ಯಾರಿಸನ್, ಬೈಲಿ ಅಂಡ್ ಲವ್ ಒಳ್ಳೇ ಪುಸ್ತಕಗಳು, ಅನುಮಾನ ಬಂದಾಗ ತೆಗೆದು ನೋಡಿ ವಾಪಸ್ ಇಡ್ರಿ. ಕೊನೇ ನಾಲ್ಕು ತಿಂಗಳಲ್ಲಿ ಮೊದಲ ಪುಟದಿಂದ ಹ್ಯಾರಿಸನ್ ಓದ್ತೀನಿ ಅನ್ನೋನು ಓದ್ತಿಲ್ಲ, ಪರೀಕ್ಷೆಯಿಂದ ತಪ್ಪಿಸ್ಕೊಳ್ತಾವ್ನೆ.

ಇನ್ನು "ರೀಕಾಲ್" ಪಿಡಿಎಫ್. ಎನ್‌ಬಿಇಎಂಎಸ್ ಪ್ರಶ್ನೆಪತ್ರಿಕೆಯನ್ನ ಹೊರಗೆ ಬಿಡಲ್ಲ. ಆ ಪಿಡಿಎಫ್‌ನಲ್ಲಿರೋದು ಸುಸ್ತಾಗಿ ಹೊರಗೆ ಬಂದೋರ ನೆನಪು, ಅದಕ್ಕೆ ಇನ್ಯಾರೋ ಹಾಕಿದ ಉತ್ತರ. ಯಾವ ಟಾಪಿಕ್ ಮೇಲೆ ಕೇಳ್ತಾರೆ ಅನ್ನೋದಕ್ಕೆ ಒಂದು ಕಣ್ಣು ಹಾಯ್ಸಿ, ಉತ್ತರ ಮಾತ್ರ ನಂಬಬೇಡ್ರಿ. "ಪರೀಕ್ಷೆ ಪೇಪರ್ ಕೊಡ್ತೀವಿ, ಅಡ್ವಾನ್ಸ್ ಹಾಕಿ" ಅನ್ನೋ ಚಾನಲ್ಲು ಕಂಡ್ರೆ ಬ್ಲಾಕ್ ಮಾಡಿ ರಿಪೋರ್ಟ್ ಹೊಡೀರಿ. ಅಂಥೋರಿಗೆ ದುಡ್ಡು ಕಳಿಸಿದ ಹುಡುಗನ ಕಥೆ ನನಗೆ ಗೊತ್ತು, ಇಲ್ಲಿ ಬರೆಯಲ್ಲ, ಅವನ ಅಮ್ಮ ಈ ಪೇಜ್ ನೋಡ್ತಾರೆ.

ದಿನಾ 50 ಪ್ರಶ್ನೆ. ವಾರಕ್ಕೊಂದು ದಿನ 150, ಗಡಿಯಾರ ಇಟ್ಕೊಂಡು, ಮೊಬೈಲ್ ಆಚೆ ರೂಮಲ್ಲಿಟ್ಟು. ತಪ್ಪಾದ ಪ್ರಶ್ನೆಗೆ ಒಂದು ನೂರು ಪೇಜಿನ ಬುಕ್ಕು. ಅದರಲ್ಲಿ ಸರಿ ಉತ್ತರ ಬರೆಯೋಕೆ ಮುಂಚೆ ನೀವು ಯಾಕೆ ಆ ತಪ್ಪು ಆಪ್ಷನ್ ಒತ್ತಿದ್ರಿ ಅಂತ ಒಂದು ಸಾಲು. "ಗೊತ್ತಿರ್ಲಿಲ್ಲ", "ಗೊತ್ತಿತ್ತು, ಎರಡರ ಮಧ್ಯೆ ಗೊಂದಲ", "ಪ್ರಶ್ನೆ ಪೂರ್ತಿ ಓದ್ಲಿಲ್ಲ". ಒಂದು ತಿಂಗಳಾದ್ಮೇಲೆ ಮೂರನೇ ಥರದ್ದು ಎಷ್ಟಿವೆ ಅಂತ ಎಣಿಸಿ ನೋಡಿ, ನಿಮಗೆ ನೋಟ್ಸ್ ಬೇಕಿತ್ತಾ ಕಣ್ಣಗಲಿಸಿ ಓದೋದು ಬೇಕಿತ್ತಾ ಗೊತ್ತಾಗ್ತದೆ. ಪರೀಕ್ಷೆ ದಿನ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ನೆಗೆಟಿವ್ ಇಲ್ಲದ ಕಡೆ ಖಾಲಿ ಬಿಡೋದು ಬಸ್ಸಿನ ಟಿಕೆಟ್ ತಗೊಂಡು ನಡ್ಕೊಂಡು ಹೋದಂಗೆ.

(5/6)

ಇದು ಉದ್ದ ಆಗ್ತದೆ. ನನಗೆ ಸಿಟ್ಟು ಬರೋ ವಿಷಯ ಇದೇ.

ಪಿಎಸ್ಎಂ "ಬೋರು" ಅಂತೀರಲ್ಲ, ಅದರ ಅರ್ಧ ಪಾಠ ನಿಮ್ಮ ಮನೆ ಬಾಗಿಲಲ್ಲೇ ಐತೆ. ಅಕ್ಕನೋ ಅತ್ತಿಗೆಯೋ ಬಸುರಿ ಇದ್ದಾಗ ಕೊಟ್ಟ ತಾಯಿ ಕಾರ್ಡ್ ಬೀರುವಲ್ಲಿರ್ತದೆ, ತೆಗೆದು ನೋಡಿ. ಲಸಿಕೆ ಪಟ್ಟಿ ಪೂರ್ತಿ ಅದರಲ್ಲೈತೆ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಸೊನ್ನೆ ಡೋಸು, ಹೆಪಟೈಟಿಸ್ ಬಿ. 9 ತಿಂಗಳಿಗೆ ಮೊದಲ ದಡಾರ ರುಬೆಲ್ಲಾ. ಸಾವಿರ ಜನಕ್ಕೊಬ್ಬರು ಆಶಾ, ಐದು ಸಾವಿರಕ್ಕೊಂದು ಉಪಕೇಂದ್ರ, 30,000ಕ್ಕೊಂದು ಪಿಎಚ್‌ಸಿ. ನಿಮ್ಮ ಬೀದಿಯ ಆಶಾ ಅಕ್ಕನ ಜೊತೆ ಒಂದು ಮಧ್ಯಾಹ್ನ ಸುತ್ತಿ ಬನ್ನಿ. ನೀವು ಎರಡು ಸಲ ವಿಡಿಯೋ ನೋಡಿ ಮರೆತಿದ್ದು ಮತ್ತೆ ಮರೆಯಲ್ಲ.

ಜಗಳೂರಿನೋರು ಫ್ಲೋರೋಸಿಸ್ ಬಾಯಿಪಾಠ ಮಾಡೋದು ನೋಡಿದ್ರೆ ನಗು ಬರ್ತದೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋ ತಾಲ್ಲೂಕು ನಿಮ್ಮದು. ಹಲ್ಲಿನ ಮೇಲೆ ಕಂದು ಕಲೆ ಇರೋ ಜನ ನಿಮ್ಮ ಊರಲ್ಲೇ ಸಿಗ್ತಾರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಏನಾಗ್ತದೆ, ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ ಯಾಕೆ ಹಾಕ್ತಾರೆ ಅನ್ನೋದನ್ನ ನಿಮಗೆ ಬೇರೆ ಊರಿನ ಮೇಷ್ಟ್ರು ವಿಡಿಯೋದಲ್ಲಿ ಹೇಳ್ಬೇಕಾ?

ಚನ್ನಗಿರಿ ನಮ್ದು, ಅಡಿಕೆ ನಾಡು. ಬಾಯಿ ಎರಡು ಬೆರಳಷ್ಟೂ ತೆರೆಯಕ್ಕಾಗದೆ, ಖಾರ ತಿಂದ್ರೆ ಉರಿ ಅಂತ ಒದ್ದಾಡೋರು ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಜೀವಂತ ಚಿತ್ರ. ಅಡಿಕೆಯನ್ನ ಐಎಆರ್‌ಸಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕೈತೆ ಅಂದ್ರೆ ನಮ್ಮೂರಲ್ಲಿ ಜಗಳ ಆಗ್ತದೆ, ಪರೀಕ್ಷೆಯಲ್ಲಿ ಮಾರ್ಕ್ಸ್ ಬರ್ತದೆ. ಹೊನ್ನಾಳಿ ಭತ್ತದ ಗದ್ದೆ ಕಡೆ ಕ್ರಿಮಿನಾಶಕ ಕುಡಿದು ಬಂದ ಕೇಸಿನ ಬಗ್ಗೆ ಕೇಳದೇ ಇರೋರಿಲ್ಲ. ಜೊಲ್ಲು, ಸೂಜಿಮೊನೆಯಂಥ ಪಾಪೆ, ಅಟ್ರೋಪಿನ್. ಎಲ್ಲೀವರೆಗೆ ಕೊಡ್ಬೇಕು? ಪಾಪೆ ಹಿಗ್ಗೋವರೆಗೆ ಅಂತ ಒತ್ತಿ ಬರ್ತೀರಿ. ಎದೆಯೊಳಗಿನ ಕಫ ಒಣಗಿ ಉಸಿರಿನ ಸದ್ದು ತಿಳಿಯಾಗೋವರೆಗೆ. ನ್ಯಾಮತಿಯಿಂದ ಶಿವಮೊಗ್ಗ ಒಂದು ಬಸ್ಸಿನ ದೂರ, ಅದೇ ಜಿಲ್ಲೆಯ ಸೊರಬದ ಕ್ಯಾಸನೂರಿನ ಹೆಸರು 1957ರಿಂದ ಜಗತ್ತಿನ ವೈರಾಲಜಿ ಪುಸ್ತಕದಲ್ಲೈತೆ. ನಮ್ಮ ಹುಡುಗ್ರು ಮಂಗನ ಕಾಯಿಲೆಯ ಉಣ್ಣೆ ಹೆಸರು ತಪ್ಪು ಬರೆದ್ರೆ ನಾಚಿಕೆ ಆಗ್ಬೇಕು. ಹಾವು ಕಡಿತ ಕರ್ನಾಟಕದಲ್ಲಿ 2024ರಿಂದ ವರದಿ ಮಾಡಲೇಬೇಕಾದ ಪ್ರಕರಣ. ರಾತ್ರಿ ನೆಲದ ಮೇಲೆ ಮಲಗಿದ್ದೋನು ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ರೆಪ್ಪೆ ಎತ್ತಕ್ಕಾಗ್ತಿಲ್ಲ ಅಂದ್ರೆ ಕಟ್ಟಿಗೆ ಹಾವು ನೆನಪಾಗ್ಬೇಕು, ಕಚ್ಚಿದ ಗುರುತು ಕಾಣದಿದ್ರೂ.

ಹಂಗಂತ ಊರು ಸುತ್ತಿದ್ರೆ ಪಾಸು ಅಂತ ನಾನು ಹೇಳ್ತಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಜಗಳಕ್ಕೆ ಬರಬೇಡ್ರಿ. ಓದಿದ್ದು ನಿಲ್ಲೋಕೆ ಒಂದು ಗೂಟ ಬೇಕು. ನಿಮ್ಮ ಗೂಟ ಇಲ್ಲೇ ನೆಟ್ಟೈತೆ.

(6/6)

ಕೊನೇ ಜಗಳ. "ಕನ್ನಡ ಮೀಡಿಯಂ ಅಕ್ಕ, ಇಂಗ್ಲಿಷ್ ಪ್ರಶ್ನೆ ಉದ್ದ ಇದ್ರೆ ತಲೆ ಓಡಲ್ಲ."

ಪರೀಕ್ಷೆ ಇಂಗ್ಲಿಷ್‌ನಲ್ಲೇ, ಅದರಲ್ಲಿ ಮಾತಿಲ್ಲ. ಆದ್ರೆ ಅರ್ಥ ಆಗೋದು ಯಾವ ಭಾಷೆಯಲ್ಲಾದ್ರೂ ಆಗ್ಲಿ. ನೆಫ್ರೋಟಿಕ್, ನೆಫ್ರಿಟಿಕ್ ಎರಡನ್ನೂ ಇಂಗ್ಲಿಷ್‌ನಲ್ಲಿ ಉರು ಹೊಡೆದು ಪ್ರತಿ ಸಲ ಅದಲು ಬದಲು ಮಾಡ್ತೀರಿ. ಅಜ್ಜಿ ಮುಂದೆ ಕೂತು ಹೇಳಿ ನೋಡಿ: "ಒಂದು ಮಗುಗೆ ಮುಖ ಮೈಯೆಲ್ಲಾ ಊದಿ ಮೂತ್ರ ನೊರೆ ನೊರೆ ಹೋಗ್ತದೆ. ಇನ್ನೊಂದಕ್ಕೆ ಗಂಟಲು ನೋವು ಬಂದು ಹೋದ್ಮೇಲೆ ಮೂತ್ರ ಕಡು ಚಹಾದ ಬಣ್ಣ, ಬಿಪಿ ಜಾಸ್ತಿ." ಅಜ್ಜಿಗೆ ಅರ್ಥ ಆದ್ರೆ ನಿಮಗೂ ಆಗೈತೆ. ಅಜ್ಜಿ "ಯಾಕೆ ಹಂಗಾಗ್ತದೆ?" ಅಂತ ಕೇಳಿ ನೀವು ತೊದಲಿದ್ರೆ ಅಲ್ಲಿಗೆ ವಾಪಸ್ ಹೋಗ್ರಿ. ನಾಳೆ ಓಪಿಡಿಯಲ್ಲಿ ಪೇಷೆಂಟ್ ಇಂಗ್ಲಿಷ್‌ನಲ್ಲಿ ಬರಲ್ಲ, "ಎದಿ ಹಿಡ್ಕೊಂಡಂಗ ಆಕತಿ ಡಾಕ್ಟ್ರೇ" ಅಂತಲೇ ಬರ್ತಾನೆ. ನಾನೀಗ ಇಂಟರ್ನ್‌ಶಿಪ್‌ನಲ್ಲಿ ದಿನಾ ಕೇಳೋದು ಅದನ್ನೇ.

ಇನ್ಮೇಲೆ ಯಾವ ಆಪ್ ಅಂತ ಡಿಎಂ ಮಾಡಿದೋರಿಗೆ ಉತ್ತರ ಇಲ್ಲ. ನಿಮ್ಮ ಹೋದ ಗ್ರ್ಯಾಂಡ್ ಟೆಸ್ಟ್‌ದು ವಿಷಯವಾರು ಮಾರ್ಕ್ಸ್ ಬರೆದು ಕಳಿಸಿ, ಎಲ್ಲಿ ಸೋರ್ತೈತೆ ಅಂತ ಕೂತು ನೋಡೋಣ. ಗ್ರ್ಯಾಂಡ್ ಟೆಸ್ಟೇ ಬರೆದಿಲ್ಲ ಅನ್ನೋರು ಮೊದಲು ಒಂದು ಬರೀರಿ, 90 ಬಂದ್ರೂ ಪರವಾಗಿಲ್ಲ. ಭಾನುವಾರ ಹೊನ್ನಾಳಿಯಲ್ಲಿ ನಾವು ಐದಾರು ಜನ ಸೇರ್ತೀವಿ, ಬೆಳಗ್ಗೆ ಹತ್ತಕ್ಕೆ, 150 ಪ್ರಶ್ನೆ, ಎರಡೂವರೆ ಗಂಟೆ, ಆಮೇಲೆ ತಪ್ಪಿನ ಬುಕ್ಕು. ನ್ಯಾಮತಿಯೋರಿಗೆ ಹತ್ರ, ಜಗಳೂರಿನೋರು ಬೇಗ ಬಸ್ ಹತ್ತಿ. ನೋಟ್ಸ್ ತರಬೇಡ್ರಿ, ಪೆನ್ನು ತನ್ನಿ.

#ಎಫ್‌ಎಂಜಿಇ #ಪಿಎಸ್ಎಂ30 #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು