ಬುದ್ಧಿವಂತ ಮಗುವಿಗೂ ದಾರಿ ಹೇಳುವವರು ಬೇಕು



ಹದಿಮೂರು ವರ್ಷದ ಹುಡುಗ ವಿಶ್ವವಿದ್ಯಾಲಯಕ್ಕೆ ಸೇರಿದ, ಹದಿನಾರಕ್ಕೆ ಡಿಗ್ರಿ ಮುಗಿಸಿದ ಅಂತ ಆಗಾಗ ನಮ್ಮ ಮೊಬೈಲಿಗೆ ಸುದ್ದಿ ಬರುತ್ತಲೇ ಇರುತ್ತದೆ. ಹಾರ ಹಾಕಿದ ಫೋಟೋ, ಪಕ್ಕದಲ್ಲಿ ಅಪ್ಪ ಅಮ್ಮ, ಕೆಳಗೆ ಸಾವಿರಾರು ಲೈಕು. ಆಮೇಲೆ ಆ ಹುಡುಗ ಏನಾದ, ಮೊದಲ ಸೆಮಿಸ್ಟರಿನಲ್ಲಿ ಯಾರ ಪಕ್ಕ ಕೂತ, ಪಾಠ ತಲೆಗೆ ಹೋಗದ ದಿನ ಯಾರನ್ನು ಕೇಳಿದ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇವತ್ತು ನಾವು ಮಾತಾಡಬೇಕೆಂದಿರುವುದು ಆ ಹೇಳದೆ ಬಿಟ್ಟ ಭಾಗದ ಬಗ್ಗೆ.

1909ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಇಬ್ಬರು ಹುಡುಗರು ಬಂದರು. ವಿಲಿಯಂ ಜೇಮ್ಸ್ ಸೈಡಿಸ್‌ಗೆ 11 ವರ್ಷ. ನಾರ್ಬರ್ಟ್ ವೀನರ್‌ಗೆ 14, ಅಷ್ಟರಲ್ಲೇ ಟಫ್ಟ್ಸ್ ಕಾಲೇಜಿನಲ್ಲಿ ಪದವಿ ಮುಗಿಸಿದ್ದ. ಸೈಡಿಸ್ ಗಣಿತದವರ ಮುಂದೆ ನಿಂತು ನಾಲ್ಕನೇ ಆಯಾಮದ ಬಗ್ಗೆ ಉಪನ್ಯಾಸ ಕೊಟ್ಟ, ಪತ್ರಿಕೆಗಳು ಅವನ ಬೆನ್ನು ಬಿದ್ದವು. 1914ರಲ್ಲಿ ಪದವಿ ಪಡೆದವನು ಮುಂದೆ ಜನರ ಕಣ್ಣು ತಪ್ಪಿಸಿಕೊಂಡು ಸಣ್ಣಪುಟ್ಟ ಗುಮಾಸ್ತೆ ಕೆಲಸ ಮಾಡಿಕೊಂಡು ಬದುಕಿದ. 1937ರಲ್ಲಿ ನ್ಯೂಯಾರ್ಕರ್ ಪತ್ರಿಕೆ ಅವನನ್ನು ಹುಡುಕಿ ಬರೆದಾಗ, ನನ್ನ ಪಾಡಿಗೆ ನನ್ನನ್ನು ಬಿಡಿ ಅಂತ ಕೋರ್ಟಿಗೆ ಹೋದ. ಖಾಸಗಿತನದ ಆ ದಾವೆಯಲ್ಲೂ ಸೋತ. 1944ರಲ್ಲಿ, 46ನೇ ವಯಸ್ಸಿಗೆ ತೀರಿಹೋದ.

ವೀನರ್ ಬಂದಿದ್ದು ಪ್ರಾಣಿಶಾಸ್ತ್ರ ಓದಲಿಕ್ಕೆ. ದೃಷ್ಟಿ ಮಂದ, ಪ್ರಯೋಗಾಲಯದ ಸೂಕ್ಷ್ಮ ಕೆಲಸ ಕೈಗೆ ಹತ್ತಲಿಲ್ಲ. ತತ್ವಶಾಸ್ತ್ರಕ್ಕೆ ಹೊರಳಿದ, ಅಲ್ಲಿಂದ ಗಣಿತದ ತರ್ಕಕ್ಕೆ. 18ಕ್ಕೆ ಪಿಎಚ್.ಡಿ. ಆಯಿತು. ಇವತ್ತು ನಾವು ಎಲ್ಲದಕ್ಕೂ ಅಂಟಿಸುವ ‘ಸೈಬರ್’ ಅನ್ನೋ ಪದ ಬಂದಿದ್ದು ಅವನು ಹೆಸರಿಟ್ಟ ಸೈಬರ್ನೆಟಿಕ್ಸ್ ಶಾಸ್ತ್ರದಿಂದ.

ಸೈಡಿಸ್‌ನನ್ನು ತೋರಿಸಿ ‘ಬೇಗ ಓದಿಸಿದರೆ ಮಕ್ಕಳು ಕೆಡ್ತಾರೆ’ ಅನ್ನುವವರಿದ್ದಾರೆ. ವೀನರ್‌ನನ್ನು ತೋರಿಸಿ ‘ಜಾಣರಿಗೆ ಯಾರೂ ಬೇಕಿಲ್ಲ’ ಅನ್ನುವವರೂ ಇದ್ದಾರೆ. ಎರಡೂ ಅರ್ಧ ಮಾತು. ಅಮೆರಿಕದಲ್ಲಿ 2004ರಲ್ಲಿ ಬಂದ ‘ಎ ನೇಷನ್ ಡಿಸೀವ್ಡ್’ ಎಂಬ ವರದಿ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ, ಸಿದ್ಧವಾಗಿರುವ ಮಗುವನ್ನು ಮುಂದಕ್ಕೆ ಕಳಿಸುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದೇ ವಾದಿಸಿತು. ಆದರೆ ಕಳಿಸಿದ ಮೇಲೆ ಕೈಬಿಡಬಹುದು ಅಂತ ಅದರರ್ಥವಲ್ಲ. ಜಗಳ ಇರುವುದು ವಯಸ್ಸಿನ ಬಗ್ಗೆ ಅಲ್ಲ, ಜೊತೆಗೆ ಯಾರಿದ್ದಾರೆ ಅನ್ನುವುದರ ಬಗ್ಗೆ.

ಇದನ್ನು ಕೆಲಸ ಮಾಡಿ ಕಲಿತ ಜಾಗ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯ. 1977ರಲ್ಲಿ ಮನಃಶಾಸ್ತ್ರಜ್ಞ ಹಾಲ್ಬರ್ಟ್ ರಾಬಿನ್ಸನ್ ಅಲ್ಲಿ 15 ತುಂಬದ ಮಕ್ಕಳಿಗೆ ಡಿಗ್ರಿ ಬಾಗಿಲು ತೆರೆದರು. ಆರಂಭದಲ್ಲಿ ಆಯ್ಕೆಯಾದ ಮಕ್ಕಳು ನೇರವಾಗಿ ದೊಡ್ಡವರ ತರಗತಿಗೇ ಹೋಗುತ್ತಿದ್ದರು. ಎಲ್ಲರಿಗೂ ಅದು ದಕ್ಕಲಿಲ್ಲ. ಬುದ್ಧಿ ಕಡಿಮೆ ಅಂತಲ್ಲ. ಏಳನೇ ಎಂಟನೇ ತರಗತಿಯಿಂದ ಎದ್ದು ಬಂದ ಮಗುವಿಗೆ ಹತ್ತು ಪುಟದ ಪ್ರಬಂಧ ಬರೆದು ಗೊತ್ತಿಲ್ಲ, ನೋಟ್ಸ್ ಮಾಡಿ ಗೊತ್ತಿಲ್ಲ. ಶಾಲೆಯಲ್ಲಿ ಓದದೆಯೇ ನೂರಕ್ಕೆ ನೂರು ಬರುತ್ತಿದ್ದುದರಿಂದ ಓದುವುದು ಹೇಗೆ ಅಂತಲೇ ಗೊತ್ತಿಲ್ಲ! ಹಾಗಾಗಿ ಮಧ್ಯೆ ಒಂದು ವರ್ಷದ ‘ಟ್ರಾನ್ಸಿಷನ್ ಸ್ಕೂಲ್’ ಕಟ್ಟಿದರು. ವರ್ಷಕ್ಕೆ ಹದಿನಾರರ ಆಸುಪಾಸು ಮಕ್ಕಳು, ಅಷ್ಟೇ. ರಾಬಿನ್ಸನ್ 1981ರಲ್ಲಿ ತೀರಿಕೊಂಡರು. ಅವರ ಹೆಂಡತಿ, ಅವರೂ ಮನಃಶಾಸ್ತ್ರಜ್ಞೆ, ನ್ಯಾನ್ಸಿ ರಾಬಿನ್ಸನ್ ಕೆಲಸ ಮುಂದುವರಿಸಿದರು.

ಇಂಥ ಕಡೆ ಅಡ್ವೈಸರ್ ಅಂತ ಒಬ್ಬರಿರುತ್ತಾರೆ. ಅವರ ಕೆಲಸ ಏನು ಅಂತ ಸ್ವಲ್ಪ ವಿವರವಾಗಿ ನೋಡೋಣ, ಯಾಕಂದರೆ ನಮ್ಮ ಕಡೆ ಆ ಹುದ್ದೆಯೇ ಅಪರೂಪ.

ಮೊದಲನೆಯದು ಲೆಕ್ಕ. ಅಲ್ಲಿ ವಿಷಯಗಳನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಜಾಣ ಮಗು ಏನು ಮಾಡುತ್ತದೆ? ಗಣಿತ, ಭೌತಶಾಸ್ತ್ರ, ಜಪಾನಿ ಭಾಷೆ, ಸಂಗೀತ ಎಲ್ಲಾ ಒಟ್ಟಿಗೆ ಬೇಕು ಅನ್ನುತ್ತದೆ. ಅಡ್ವೈಸರ್ ಅದನ್ನು ಇಳಿಸುತ್ತಾರೆ. ಈ ಸಲ ಇಷ್ಟು ಸಾಕು, ಇದು ಆದ ಮೇಲೆ ಅದು, ಈ ಪಾಠಕ್ಕೆ ಬರೆಯುವ ಕೆಲಸ ಜಾಸ್ತಿ, ಜೊತೆಗೆ ಲ್ಯಾಬ್ ಇರುವುದನ್ನು ಹಾಕಬೇಡ ಅಂತ. ಎರಡನೆಯದು ದೊಡ್ಡವರ ಲೋಕದ ಸಣ್ಣ ರಿವಾಜುಗಳು. ಪ್ರೊಫೆಸರಿಗೆ ಇಮೇಲ್ ಹೇಗೆ ಬರೆಯುವುದು, ಅವರು ಭೇಟಿಗೆ ಕೊಟ್ಟ ಸಮಯದಲ್ಲಿ ಹೋಗಿ ಏನು ಕೇಳುವುದು, ಸಿಲಬಸ್ ಹಾಳೆಯಲ್ಲಿ ಮೊದಲು ಯಾವ ಸಾಲು ಓದುವುದು. ಇದನ್ನೆಲ್ಲ ಯಾರೂ ಪಾಠ ಮಾಡುವುದಿಲ್ಲ, ಗೊತ್ತಿರುತ್ತದೆ ಅಂದುಕೊಂಡಿರುತ್ತಾರೆ.

ಮೂರನೆಯದು ಮೊದಲ ಸೋಲು. ಜೀವನದಲ್ಲಿ ಮೊದಲ ಸಲ ಕಡಿಮೆ ಅಂಕ ಬಂದ ದಿನ ಮಗು ಅದನ್ನು ಮನೆಯಲ್ಲಿ ಹೇಳುವುದಿಲ್ಲ. ‘ಜಾಣ’ ಅನ್ನುವುದೊಂದೇ ಅದರ ಹೆಸರಾಗಿರುವಾಗ ಹೇಗೆ ಹೇಳೀತು? ಅಮೆರಿಕದಲ್ಲಿ ಇದಕ್ಕೆ ಕಾನೂನಿನ ತಿರುವೂ ಇದೆ. ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ 1974ರಲ್ಲಿ ಬಂದ ಫೆರ್ಪಾ ಕಾಯ್ದೆಯ ಪ್ರಕಾರ, ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ವಯಸ್ಸು ಎಷ್ಟೇ ಇರಲಿ, ಆ ದಾಖಲೆಯ ಹಕ್ಕು ತಂದೆತಾಯಿಯಿಂದ ಮಗುವಿಗೆ ಹೋಗುತ್ತದೆ. 14ರ ಹುಡುಗಿಯ ಮಾರ್ಕ್ಸ್‌ಕಾರ್ಡ್ ಅವಳ ಅಮ್ಮನಿಗೆ ತಾನಾಗಿ ಸಿಗುವುದಿಲ್ಲ. ಅಡ್ವೈಸರ್ ವಾರ ವಾರ ಕರೆದು ಕೂರಿಸಿ ‘ಹೇಗಿದ್ದೀಯಮ್ಮ, ನಿದ್ದೆ ಬರ್ತಿದೆಯಾ, ಯಾವ ಪಾಠ ಬಿಟ್ಟೆ’ ಅಂತ ಕೇಳುವುದು ಅದಕ್ಕೇ. ಅವರು ಇದನ್ನು ಕೋಚಿಂಗ್ ಅನ್ನುತ್ತಾರೆ. ನಮಗೆ ಕೋಚಿಂಗ್ ಅಂದರೆ ಕೋಟಾ, ಟೆಸ್ಟ್ ಸೀರೀಸ್, ರ್‍ಯಾಂಕಿನ ಫ್ಲೆಕ್ಸ್. ಅಲ್ಲಿ ಅದು ಒಂದು ಕುರ್ಚಿ, ಒಂದು ಡೈರಿ ಮತ್ತು ಅವಸರವಿಲ್ಲದ ಒಬ್ಬ ದೊಡ್ಡ ಮನುಷ್ಯ.

ಸಲಹೆ ಕೊಡುವವರು ಮಗುವಿನ ಮಾತು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾ ಕಡೆ ನೋಡಬೇಕು. 1978ರಲ್ಲಿ ಹೆಫೆಯ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ ಎಳೆಯರಿಗೇ ಒಂದು ವಿಶೇಷ ತರಗತಿ ತೆರೆಯಿತು, ಮೊದಲ ತಂಡದಲ್ಲಿ 21 ಮಕ್ಕಳು. ಅವರಲ್ಲಿ ಅತಿ ಪ್ರಸಿದ್ಧ ನಿಂಗ್ ಬೋ, 13 ವರ್ಷ. ದೇಶದ ಉಪಪ್ರಧಾನಿ ಅವನ ಜೊತೆ ಗೋ ಆಟ ಆಡಿದ್ದು ದೊಡ್ಡ ಸುದ್ದಿಯಾಯಿತು. ಅವನಿಗೆ ಕೊಟ್ಟದ್ದು ಭೌತಶಾಸ್ತ್ರ, ಅವನಿಗೆ ಬೇಕಿದ್ದದ್ದು ಖಗೋಳಶಾಸ್ತ್ರ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತೇನೆ ಅಂತ ಕೇಳಿದ, ಬಿಡಲಿಲ್ಲ. 19ಕ್ಕೆ ಅಲ್ಲೇ ಅಧ್ಯಾಪಕನಾದ. 2003ರಲ್ಲಿ ಬೌದ್ಧ ಸನ್ಯಾಸಿಯಾದ. ಸನ್ಯಾಸವನ್ನು ಸೋಲು ಅಂತ ನಾವು ಕರೆಯುವುದಿಲ್ಲ, ಅದು ಅವರ ಆಯ್ಕೆ. ಆದರೆ 13ರ ಹುಡುಗ ‘ಇದು ಬೇಡ, ಅದು ಬೇಕು’ ಅಂದಾಗ ಕೂತು ಕೇಳುವ ಒಬ್ಬರು ಬೇಕಿತ್ತು.

ಕೇಳಿಸಿಕೊಂಡವರ ಉದಾಹರಣೆಯೂ ಇದೆ. ದೆಹಲಿಯಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆದ ಅಕ್ಷಯ್ ವೆಂಕಟೇಶ್ 13ಕ್ಕೆ ವಿಶ್ವವಿದ್ಯಾಲಯ ಸೇರಿ 16ಕ್ಕೆ ಪದವಿ ಪಡೆದರು, 2018ರಲ್ಲಿ ಫೀಲ್ಡ್ಸ್ ಪದಕ ಬಂತು. ಅಲ್ಲಿ ಅವರ ಕೈಹಿಡಿದವರು ಗಣಿತಜ್ಞೆ ಚೆರಿಲ್ ಪ್ರೇಗರ್.

ಇನ್ನು ಹತ್ತಿರದ ಉದಾಹರಣೆ. ನಮ್ಮ ತಾಳವಾಡಿ ಸೇರಿರುವ ಈರೋಡ್ ಜಿಲ್ಲೆ ಇದೆಯಲ್ಲ, ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಆ ಈರೋಡ್ ಪಟ್ಟಣದಲ್ಲೇ, 1887ರಲ್ಲಿ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಸೇರಿದಾಗ ಅವರಿಗೆ 16. ಗಣಿತ ಬಿಟ್ಟು ಬೇರೇನೂ ಓದಲಿಲ್ಲ, ಇಂಗ್ಲಿಷಿನಲ್ಲಿ ನಪಾಸು, ಸ್ಕಾಲರ್‌ಶಿಪ್ ಹೋಯಿತು. ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲೂ ಅದೇ ಕಥೆ. ‘ಇಂಗ್ಲಿಷಿನಲ್ಲಿ ಪಾಸಾಗುವಷ್ಟು ಮಾತ್ರ ಹೀಗೆ ಓದಪ್ಪ, ಉಳಿದ ಹೊತ್ತೆಲ್ಲ ಗಣಿತ ಮಾಡು’ ಅಂತ ವಾರಕ್ಕೊಂದು ಗಂಟೆ ಕೂರಿಸಿ ಹೇಳುವ ಒಬ್ಬರಿದ್ದಿದ್ದರೆ ಏನಾಗುತ್ತಿತ್ತೋ ಅಂತ ನಮಗೆ ಎಷ್ಟೋ ಸಲ ಅನ್ನಿಸಿದೆ.

ಭಾರತದಲ್ಲಿ ಎಳೆಯ ವಯಸ್ಸಿಗೇ ಕಾಲೇಜು ಅನ್ನುವ ದಾರಿ ಬಹುತೇಕ ಇಲ್ಲ. ನೀಟ್ ಬರೆಯಬೇಕಾದರೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಹಾಗಾದರೆ ಸಿಯಾಟಲ್ ಕಥೆ ನಮಗೇಕೆ?

ಯಾಕಂದರೆ ಸಿದ್ಧತೆಗೆ ಮೊದಲೇ ದೊಡ್ಡ ಮೆಟ್ಟಿಲು ಹತ್ತುವ ಮಗು ನಮ್ಮ ಮನೆಯಲ್ಲೂ ಇದೆ. ಅಲ್ಲಿ ಕೊರತೆ ವಯಸ್ಸಿನದು, ಇಲ್ಲಿ ಭಾಷೆಯದು. ಜತ್ತದಲ್ಲೋ, ಕಾಸರಗೋಡಿನಲ್ಲೋ ಹತ್ತರವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಮುಂದಿನ ತರಗತಿಯಲ್ಲಿ ಇಂಗ್ಲಿಷಿಗೆ ಹೊರಳುತ್ತಾಳೆ, ಸುತ್ತಲಿನ ಮಾತು ಮರಾಠಿ ಅಥವಾ ಮಲಯಾಳಂ. ಶಾಲೆಗೆ ಮೊದಲಿಗಳಾಗಿದ್ದವಳು ಮೊದಲ ಟೆಸ್ಟಿನಲ್ಲಿ ಕೆಳಗಿಳಿದರೆ ‘ನನಗೆ ಸೈನ್ಸ್ ಆಗಲ್ಲ’ ಅಂದುಕೊಳ್ಳುತ್ತಾಳೆ. ಆಗದಿದ್ದದ್ದು ಸೈನ್ಸ್ ಅಲ್ಲ, ದ್ಯುತಿಸಂಶ್ಲೇಷಣೆಯೂ ಫೋಟೋಸಿಂಥೆಸಿಸ್ಸೂ ಒಂದೇ ಅಂತ ಅವಳಿಗೆ ಯಾರೂ ಹೇಳಿಲ್ಲ ಅಷ್ಟೇ. ಸಿಯಾಟಲ್‌ನವರು ಹದಿನಾರು ಮಕ್ಕಳಿಗಾಗಿ ಮಧ್ಯೆ ಒಂದು ಇಡೀ ವರ್ಷ ಕಟ್ಟಿದರು. ನಮ್ಮ ಮಕ್ಕಳಿಗೆ ಹತ್ತರ ಪರೀಕ್ಷೆ ಮುಗಿದ ಮೇಲಿನ ಎರಡು ತಿಂಗಳಾದರೂ ಬೇಡವೇ? ರಾಜ್ಯ ಸರ್ಕಾರಗಳನ್ನೂ, ಗಡಿ ಭಾಗಕ್ಕೆಂದೇ ಇರುವ ಪ್ರಾಧಿಕಾರವನ್ನೂ ಕೇಳಬೇಕಾದ್ದು ಇದು. ಸನ್ಮಾನದ ಶಾಲು ಆಮೇಲೆ.

ಕೇಳುತ್ತಾ ಕೂರುವಷ್ಟು ಹೊತ್ತು ಮಕ್ಕಳು ಕಾಯುವುದಿಲ್ಲ. ಈ ಪುಟ ಓದುವ ನಿಮ್ಮಲ್ಲಿ ಡಿಗ್ರಿ, ಡಿಪ್ಲೊಮಾ, ಇಂಜಿನಿಯರಿಂಗ್, ನರ್ಸಿಂಗ್ ಓದುತ್ತಿರುವವರು ಬಹಳ ಜನ ಇದ್ದೀರಿ. ನೀವು ದಾಟಿದ ಮೆಟ್ಟಿಲು ಎಷ್ಟು ಎತ್ತರ ಇತ್ತು ಅಂತ ನಿಮಗೇ ಗೊತ್ತು. ನಿಮ್ಮ ಊರಿನ ಕನ್ನಡ ಶಾಲೆಯಿಂದ ಈ ವರ್ಷ ಹೊರಬರುವ ಒಬ್ಬ ತಮ್ಮ ಅಥವಾ ತಂಗಿಯನ್ನು ಹಿಡಿಯಿರಿ. ಮನೆಯವರಿಗೂ ಮೇಷ್ಟ್ರಿಗೂ ಹೇಳಿ, ಅವರ ಎದುರಿಗೇ ಕೂತು ಮಾತಾಡಿ. ವಾರಕ್ಕೆ ಒಂದು ಗಂಟೆ. ಪಾಠ ಹೇಳಿಕೊಡಬೇಕೆಂದೇನಿಲ್ಲ. ಈ ವಾರ ಯಾವುದು ಅರ್ಥವಾಗಲಿಲ್ಲ, ಯಾರನ್ನು ಕೇಳಿದೆ, ಮುಂದಿನ ವಾರ ಏನು ಅಂತ ಕೇಳಿ ಬರೆದಿಟ್ಟುಕೊಳ್ಳಿ ಸಾಕು. ಅಂಕ ಕಡಿಮೆ ಬಂದರೆ ಅವರು ಮೊದಲು ಫೋನ್ ಮಾಡುವುದು ನಿಮಗೇ ಆಗಿರಲಿ.

ಕಾಗದಪತ್ರದ ಕೆಲಸವೂ ಇದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆಯೇ ಅರ್ಹತಾ ಕಲಮುಗಳಿವೆ. ಯಾವ ಊರಿಗೆ ಯಾವುದು, ಯಾವ ಪ್ರಮಾಣಪತ್ರ, ಯಾರ ಸಹಿ ಅನ್ನುವುದು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿರುತ್ತದೆ. ಹನ್ನೆರಡನೇ ತರಗತಿ ಮುಗಿದ ಮೇಲೆ ತೆರೆದು ನೋಡಿದರೆ ತಹಶೀಲ್ದಾರ್ ಕಚೇರಿಗೆ ಓಡುವುದರಲ್ಲೇ ಕೊನೆಯ ದಿನ ಕಳೆದುಹೋಗುತ್ತದೆ. ಹನ್ನೊಂದರಲ್ಲಿ ಇರುವಾಗಲೇ ಆ ಮಗುವಿನ ಜೊತೆ ಕೂತು ಒಮ್ಮೆ ಓದಿ, ಬೇಕಾದ ಕಾಗದಗಳನ್ನು ಒಂದು ಫೈಲಿನಲ್ಲಿ ಹಾಕಿಡಿ.

ಯಾರು ಯಾವ ತಾಲ್ಲೂಕಿನಲ್ಲಿ ಇದಕ್ಕೆ ಸಿದ್ಧರಿದ್ದೀರಿ ಅಂತ ಕಾಮೆಂಟಿನಲ್ಲಿ ತಿಳಿಸಿ. ನಿಮ್ಮ ತಾಲ್ಲೂಕು, ಓದುತ್ತಿರುವ ಕೋರ್ಸು, ಬಿಡುವಿನ ದಿನ, ಇಷ್ಟು ಸಾಕು. ಮಕ್ಕಳ ಹೆಸರು, ಫೋನ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ. ಆದವಾನಿ, ಮಡಕಶಿರಾ ಕಡೆಯವರು, ಅಕ್ಕಲಕೋಟೆಯವರು ಮೊದಲು ಬರೆಯಿರಿ, ಆ ಕಡೆ ನಮಗೆ ಜನ ಕಡಿಮೆ.