ಸೊನ್ನೆ ಎಲ್ಲಿದೆ?

ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ಭೌತಶಾಸ್ತ್ರದ ಲೆಕ್ಕ ಮಾಡಿಸುವಾಗ ನಮಗೆ ಪ್ರತಿವರ್ಷವೂ ಎದುರಾಗುವ ತೊಡಕೊಂದುಂಟು. ಸೂತ್ರ ಸರಿಯಾಗಿರುತ್ತದೆ, ಗುಣಾಕಾರ ಸರಿಯಾಗಿರುತ್ತದೆ. ಆದರೂ ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುವುದೇ ಇಲ್ಲ! ಎಲ್ಲಿಯೋ ಒಂದು ಚಿಹ್ನೆ ತಪ್ಪಿರುತ್ತದೆ. ಕಾರಣ ಕೇಳಿದರೆ, "ಮೈನಸ್ ಇಂಟು ಮೈನಸ್ ಪ್ಲಸ್ ಅಲ್ಲವೆ ಸಾರ್?" ಎಂಬ ಉತ್ತರ ಬರುತ್ತದೆ. ಅದು ಪ್ಲಸ್ ಏಕೆ ಎಂದು ಮತ್ತೆ ಕೇಳಿದರೆ ತರಗತಿಯೆಲ್ಲ ಮೌನ. ಈ ತಪ್ಪು ವಿದ್ಯಾರ್ಥಿಗಳದಲ್ಲ, ನಾವು ಪಾಠ ಹೇಳುವ ಕ್ರಮದ್ದು ಎಂಬುದೇ ನಮ್ಮ ಅಭಿಪ್ರಾಯ.

ಧನವೆಂದರೆ ಆಸ್ತಿ, ಋಣವೆಂದರೆ ಸಾಲ. ಈ ಹೆಸರುಗಳು ಬಹು ಹಳೆಯವು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಧನ, ಋಣ, ಶೂನ್ಯಗಳ ಲೆಕ್ಕಕ್ಕೆ ನಿಯಮಗಳನ್ನು ಬರೆದಿಟ್ಟನು. ಒಂಬತ್ತನೆಯ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳಿದನು. ಹದಿನೇಳನೆಯ ಶತಮಾನದ ದೆಕಾರ್ತನಾದರೋ ಸಮೀಕರಣದ ಋಣಮೂಲಗಳನ್ನು 'ಸುಳ್ಳು' ಮೂಲಗಳೆಂದೇ ಕರೆದನು.

ಸಾಲದ ಉಪಮೆ ಕೂಡುವುದಕ್ಕೂ ಕಳೆಯುವುದಕ್ಕೂ ಚೆನ್ನಾಗಿ ಒಪ್ಪುತ್ತದೆ. ಜೇಬಿನಲ್ಲಿ 50 ರೂಪಾಯಿ, ಅಂಗಡಿಯಲ್ಲಿ 80 ರೂಪಾಯಿ ಸಾಲ. ನಮ್ಮ ಸ್ಥಿತಿ −30. ಆದರೆ ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿಯಾಗುವುದೆಂತು? ಹಾಗಾಗುವಂತಿದ್ದರೆ ಲೋಕದಲ್ಲಿ ಬಡವರೇ ಇರುತ್ತಿರಲಿಲ್ಲ! ಇಲ್ಲಿ ವಿದ್ಯಾರ್ಥಿಯು ಯುಕ್ತಿಯನ್ನು ಕೈಬಿಟ್ಟು ಬಾಯಿಪಾಠಕ್ಕೆ ಶರಣಾಗುತ್ತಾನೆ. ಇನ್ನು ಉಷ್ಣತಾಮಾಪಕದ ಉದಾಹರಣೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರಲ್ಲಿ. ಸೊನ್ನೆಯ ಕೆಳಗಿನ ಹವೆಯನ್ನು ನಮ್ಮ ಮಕ್ಕಳು ಕಂಡವರಲ್ಲ.

ಅವರು ಕಂಡಿರುವುದು ಕೆರೆಯನ್ನು. ಹೆಬ್ಬಾಳದ ಕೆರೆಯ ಏರಿಯ ಮೇಲೆ ನಿಂತಿದ್ದೇವೆಂದು ಭಾವಿಸೋಣ. ಕೋಡಿಯ ಮಟ್ಟವೇ ಸೊನ್ನೆಯಾಗಲಿ. ಅದರ ಮೇಲಕ್ಕೆ ಧನ, ಕೆಳಕ್ಕೆ ಋಣ. ಬೇಸಗೆಯಲ್ಲಿ ಇಂದಿನ ನೀರಿನ ಮಟ್ಟ −20 ಸೆಂಟಿಮೀಟರು. ವಾರಕ್ಕೆ 4 ಸೆಂಟಿಮೀಟರಿನಂತೆ ನೀರು ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗ ಇಳಿತದ ದರ −4. ಮುಂದಿನ ಮೂರು ವಾರಗಳಲ್ಲಿ ಆಗುವ ಬದಲಾವಣೆ (−4) × 3 = −12; ಮಟ್ಟ −32ಕ್ಕೆ ಇಳಿಯುವುದು. ಮೂರು ವಾರಗಳ ಹಿಂದೆ ಮಟ್ಟವೆಷ್ಟಿತ್ತು? ಇಂದನ್ನು ಸೊನ್ನೆಯೆಂದರೆ ಕಳೆದುಹೋದ ವಾರಗಳು −3. ಇಳಿಯುತ್ತಿರುವ ನೀರು ಹಿಂದೆ ಮೇಲಿದ್ದಿತೆಂಬುದು ಎಳೆಯ ಮಗುವಿಗೂ ತಿಳಿದ ವಿಷಯ. ಆದುದರಿಂದ (−4) × (−3) = +12; ಅಂದಿನ ಮಟ್ಟ −8. ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವೆಲ್ಲಿ ಬಂತು?

ಗಮನಿಸಿ, ಇಲ್ಲಿ ಋಣವೆಂಬುದು ಕೊರತೆಯಲ್ಲ, ದಿಕ್ಕು. ಕೋಡಿಯ ಕೆಳಗೂ ನೀರುಂಟು. ಕೆರೆಯ ತಳವನ್ನು ಸೊನ್ನೆಯೆಂದು ಆರಿಸಿದ್ದರೆ ಅದೇ ಮಟ್ಟ ಧನಸಂಖ್ಯೆಯಾಗುತ್ತಿತ್ತು. ಹೆಬ್ಬಾಳದ ಬಹುಮಹಡಿ ಕಟ್ಟಡಗಳ ಲಿಫ್ಟಿನಲ್ಲಿಯೂ ಹೀಗೆಯೇ: ನೆಲಮಹಡಿ ಸೊನ್ನೆಯಾದರೆ, ಭೂಮಿಯೊಳಗಿನ −2ರಿಂದ 5ಕ್ಕೆ ಏರಲು ಏಳು ಅಂತಸ್ತು. ಸೊನ್ನೆಯನ್ನು ಇಡುವವರು ನಾವು. ಇಟ್ಟಮೇಲೆ ಅದಕ್ಕೆ ನಿಷ್ಠರಾಗಿರಬೇಕಾದವರೂ ನಾವೇ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ: ಚಿಹ್ನೆಗಳ ನಿಯಮವನ್ನು ಹೇಳುವ ಮೊದಲು ಮಕ್ಕಳನ್ನು ಊರಿನ ಕೆರೆಯ ಬಳಿಗೆ ಕರೆದೊಯ್ಯಿರಿ. ವಿದ್ಯಾರ್ಥಿಗಳೆ, ನೀವು ಸೂತ್ರಕ್ಕೆ ಕೈಹಾಕುವ ಮುನ್ನ ಹಾಳೆಯ ಅಂಚಿನಲ್ಲಿ ಎರಡು ಪ್ರಶ್ನೆಗಳನ್ನು ಬರೆದುಕೊಳ್ಳಿ: ಸೊನ್ನೆ ಎಲ್ಲಿದೆ? ಧನ ಯಾವ ಕಡೆಗೆ? ಮೇಲಕ್ಕೆ ಧನವೆಂದರೆ ಗುರುತ್ವದ ವೇಗೋತ್ಕರ್ಷ −9.8. ಆಮೇಲೆ ನೀವೆಸೆದ ಕಲ್ಲು ತಪ್ಪದೆ ನೆಲಕ್ಕೆ ಮರಳುತ್ತದೆ.